ಹಳೆಯ ರೇಂಜ್‌ಫೈಂಡರ್‌ಗೆ ಹೊಸ ಲೆನ್ಸ್: ಮೊದಲು ಕ್ಯಾಮೆರಾದ ಮಾತು ಕೇಳಿ

ಹಳೆಯ ಲೈಕಾದಂಥ ರೇಂಜ್‌ಫೈಂಡರ್ ಫಿಲಂ ಕ್ಯಾಮೆರಾ ಕೈಗೆ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಇದಕ್ಕೆ ಯಾವ ಹೊಸ ಲೆನ್ಸ್ ತುಂಬಾ ಶಾರ್ಪ್ ಸರ್?" ನಾನು ವಾಪಸ್ ಕೇಳುವುದು ಬೇರೆ. ನಿಮ್ಮ ವ್ಯೂಫೈಂಡರ್‌ನಲ್ಲಿ ಯಾವ ಯಾವ ಫ್ರೇಮ್ ಗೆರೆ, ಅಂದರೆ ಚಿತ್ರದ ಅಂಚು ತೋರಿಸುವ ಗೆರೆ, ಕಾಣುತ್ತೆ? ಫೋಕಸ್ ಮಾಡುವಾಗ ಎರಡು ಬಿಂಬ ಸರಿಯಾಗಿ ಕೂಡುತ್ತಾ?

ಇವತ್ತು ಬರುವ ಲೆನ್ಸ್‌ಗಳಲ್ಲಿ ಶಾರ್ಪ್ ಅಲ್ಲದ್ದು ಹುಡುಕಿದರೂ ಸಿಗುವುದು ಕಷ್ಟ. ಆದರೆ ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡುವುದೇ ಇಲ್ಲ. ಬೇರೆ ಕಿಟಕಿಯಲ್ಲಿ ನೋಡುತ್ತೇವೆ. ಲೆನ್ಸ್ ತಿರುಗಿಸಿದಾಗ ಅದರ ಹಿಂಭಾಗ ಬಾಡಿಯೊಳಗಿನ ಪುಟ್ಟ ರೋಲರ್ ಒಂದನ್ನು ತಳ್ಳುತ್ತದೆ. ಕಿಟಕಿಯಲ್ಲಿ ಎರಡು ಬಿಂಬ ಒಂದಾಗುತ್ತವೆ. ಫೋಕಸ್ ಆಯಿತು ಅಂತ ನಾವು ನಂಬುತ್ತೇವೆ. ಆ ಕಿಟಕಿಗೂ ರೋಲರ್‌ಗೂ ಹೊಂದದ ಲೆನ್ಸ್‌ಗೆ ಎಷ್ಟು ದುಡ್ಡು ಕೊಟ್ಟರೂ ಅದರ ಗುಣ ಫಿಲಂವರೆಗೆ ತಲುಪುವುದಿಲ್ಲ.

ಮೌಂಟ್, ಅಂದರೆ ಲೆನ್ಸ್ ಬಾಡಿಗೆ ಕೂರುವ ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ. ಯಾಷಿಕಾ ಎಲೆಕ್ಟ್ರೋ 35, ಕ್ಯಾನನೆಟ್ ಇಂಥವುಗಳ ಲೆನ್ಸ್ ಬದಲಿಸಲು ಬರುವುದಿಲ್ಲ. ಲೈಕಾ ಥ್ರೀ-ಎಫ್, ಕ್ಯಾನನ್ ಪಿ, ಕ್ಯಾನನ್ 7 ಇವೆಲ್ಲ 39 ಎಂಎಂ ಸ್ಕ್ರೂ ಮೌಂಟ್. 1954ರ ಎಂ3ರಿಂದ ಈಚೆಗಿನ ಲೈಕಾಗಳು ಎಂ ಮೌಂಟ್. ಸ್ಕ್ರೂ ಲೆನ್ಸನ್ನು 1 ಎಂಎಂ ದಪ್ಪದ ಉಂಗುರ ಹಾಕಿ ಎಂ ಬಾಡಿಗೆ ಕೂರಿಸಬಹುದು. ಎಂ ಲೆನ್ಸನ್ನು ಸ್ಕ್ರೂ ಬಾಡಿಗೆ ಕೂರಿಸಲು ಆಗುವುದಿಲ್ಲ, ಯಾಕೆಂದರೆ ಸ್ಕ್ರೂ ಬಾಡಿಯಲ್ಲಿ ಫಿಲಂ ಮೌಂಟ್‌ನಿಂದ ಆ 1 ಎಂಎಂ ಹೆಚ್ಚು ದೂರ ಇದೆ. ಈಗಿನ ಹೊಸ ಲೆನ್ಸ್‌ಗಳಲ್ಲಿ ಹೆಚ್ಚಿನವು ಎಂ ಮೌಂಟ್. ಹಾಗಾಗಿ ಸ್ಕ್ರೂ ಬಾಡಿ ಇರುವವರು 1999ರಿಂದ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ತಂದ ಸ್ಕ್ರೂ ಲೆನ್ಸ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವುದು ಒಳ್ಳೆಯದು. ಜಪಾನಿನಲ್ಲಿ ಮಾಡಿದ ಆ ಲೆನ್ಸ್‌ಗಳು ನನಗೆ ತುಂಬಾ ಇಷ್ಟ. 35 ಎಂಎಂ ಎಫ್/2.5 ಕಲರ್-ಸ್ಕೋಪಾರ್ ಅಂತೂ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಹಳೆಯ ಬಾಡಿಯ ಮೇಲೆ ಅದು ಎಷ್ಟು ಚೆನ್ನಾಗಿ ಕೂರುತ್ತೆ ಅಂದರೆ, ಕ್ಯಾಮೆರಾ ಮತ್ತೆ ಕೋಟಿನ ಜೇಬಿಗೆ ಹೋಗುತ್ತೆ.

ಈಗ ಕಿಟಕಿಗೆ ಬರೋಣ. ಎಂ3ಯಲ್ಲಿ 50, 90, 135 ಎಂಎಂ ಲೆನ್ಸ್‌ಗಳ ಗೆರೆಗಳು ಮಾತ್ರ ಇವೆ. 35ಕ್ಕೆ ಗೆರೆ ಇಲ್ಲ. 35ರ ಲೆನ್ಸ್ ಹಾಕಿದರೆ 50ರ ಜೊತೆ 135ರ ಗೆರೆ ಎದ್ದು ನಿಲ್ಲುತ್ತದೆ, ಅದರಿಂದ ಏನೂ ಉಪಯೋಗ ಇಲ್ಲ. ಆಗ ಮೇಲೆ ಬೇರೊಂದು ಫೈಂಡರ್ ಕೂರಿಸಬೇಕು. ಒಂದು ಕಿಟಕಿಯಲ್ಲಿ ಫೋಕಸ್, ಇನ್ನೊಂದರಲ್ಲಿ ಫ್ರೇಮ್. ರಸ್ತೆಯಲ್ಲಿ ಓಡಾಡುತ್ತಾ ತೆಗೆಯುವವರಿಗೆ ಇದು ಬೇಗ ಬೇಸರ ತರಿಸುತ್ತದೆ. 35 ಎಂಎಂ ಇಷ್ಟಪಡುವವರಿಗೆ 1957ರಲ್ಲಿ ಬಂದ ಎಂ2 ಅಥವಾ 1959ರ ಕ್ಯಾನನ್ ಪಿ ಸರಿ, ಎರಡರಲ್ಲೂ 35ರ ಗೆರೆ ಇದೆ. ಹೊಸ ಲೆನ್ಸ್‌ಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಬಾಡಿ ಬದಲಿಸಲು ಇಡಿ ಅಂತ ಕೆಲವರಿಗೆ ನಾನು ನೇರವಾಗಿಯೇ ಹೇಳಿದ್ದೇನೆ. ಎಂ3 ನಿಜಕ್ಕೂ ಅರಳುವುದು 50ರಲ್ಲಿ. ಅದರ ಫೈಂಡರ್ ಎಲ್ಲವನ್ನೂ ಹೆಚ್ಚುಕಮ್ಮಿ ಕಣ್ಣಿಗೆ ಕಂಡಷ್ಟೇ ದೊಡ್ಡದಾಗಿ ತೋರಿಸುತ್ತದೆ. ಎರಡೂ ಕಣ್ಣು ತೆರೆದು ನೋಡಬಹುದು. ಇಂಥ ಕಿಟಕಿಯನ್ನು ಬಿಟ್ಟು ಮೇಲಿನ ಫೈಂಡರ್‌ನಲ್ಲಿ ಇಣುಕುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಹತ್ತಿರದ ಫೋಕಸ್‌ನಲ್ಲೂ ಬಾಡಿಯೇ ಮಿತಿ. ಹೊಸ ಲೆನ್ಸ್‌ಗಳು 0.7 ಮೀಟರ್‌ವರೆಗೆ, ಕೆಲವು ಇನ್ನೂ ಹತ್ತಿರಕ್ಕೂ ತಿರುಗುತ್ತವೆ. ಥ್ರೀ-ಎಫ್ ಮತ್ತು ಮೊದಮೊದಲ ಎಂ3ಗಳಲ್ಲಿ ಬಿಂಬ ಕೂಡುವುದು ಸುಮಾರು 1 ಮೀಟರ್‌ಗೆ ನಿಂತುಬಿಡುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಅಂದಾಜೇ ಗತಿ.

ಇನ್ನು ಎಫ್/1.2, ಎಫ್/1.1ರಷ್ಟು ಅಗಲವಾಗಿ ತೆರೆಯುವ ಲೆನ್ಸ್‌ಗಳ ಮೋಹ. ಇಲ್ಲಿ ನಾನು ಜನರನ್ನು ಸ್ವಲ್ಪ ತಡೆಯುತ್ತೇನೆ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 400 ಫಿಲಂ ಹಾಕಿದರೆ 1/1000 ಸೆಕೆಂಡಿಗೆ ಎಫ್/11 ಬೇಕು. ಎಂ3ಯ ಶಟರ್ 1/1000ಕ್ಕಿಂತ ವೇಗವಾಗಿ ಹೋಗುವುದಿಲ್ಲ. ಐಎಸ್‌ಒ 100 ಹಾಕಿದರೂ ಎಫ್/5.6 ಆಗುತ್ತದೆ. ಎಫ್/2ರಲ್ಲಿ ತೆಗೆಯಬೇಕೆಂದರೆ ಬೆಳಕು ತಗ್ಗಿಸುವ ಮೂರು ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿ. ಲೆನ್ಸ್ ಮೂಲಕ ನೋಡುವುದಿಲ್ಲವಾದ್ದರಿಂದ ಕಿಟಕಿ ಕತ್ತಲಾಗುವುದಿಲ್ಲ, ಅದೊಂದು ಅನುಕೂಲ. ಇನ್ನೊಂದು ಮಾತು: ಲೈಕಾದ ಶಟರ್ ರಬ್ಬರ್ ಬಳಿದ ಬಟ್ಟೆ, ಮುಂದೆ ಅದನ್ನು ಕಾಯಲು ಕನ್ನಡಿ ಇಲ್ಲ. ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿ ಟೇಬಲ್ ಮೇಲೆ ಇಟ್ಟರೆ ಬಟ್ಟೆ ಸುಟ್ಟು ತೂತು ಬೀಳುತ್ತದೆ. ಸುಮ್ನೆ ಹೆದರಿಸುತ್ತಿಲ್ಲ, ಅಂಥ ತೂತು ಫಿಲಂ ಮೇಲೆ ಬೆಳಕಿನ ಚುಕ್ಕೆಯಾಗಿ ಬರುತ್ತಲೇ ಇರುತ್ತದೆ. ಹೊರಗೆ ಓಡಾಡುವಾಗ ಲೆನ್ಸ್ ಕ್ಯಾಪ್ ಹಾಕಿ.

ಅದಕ್ಕಿಂತ ದೊಡ್ಡದು ಫೋಕಸ್‌ನ ಲೆಕ್ಕ. 50 ಎಂಎಂ ಎಫ್/1.5ರಲ್ಲಿ 1 ಮೀಟರ್ ದೂರದ ಮುಖ ತೆಗೆದರೆ ಫೋಕಸ್‌ನಲ್ಲಿ ಇರುವುದು ಸುಮಾರು ಮೂರೂವರೆ ಸೆಂಟಿಮೀಟರ್ ಮಾತ್ರ. 35 ಎಂಎಂ ಎಫ್/2.5ರಲ್ಲಿ 2 ಮೀಟರ್ ದೂರಕ್ಕೆ ಅದು ಹತ್ತಿರಹತ್ತಿರ ಅರ್ಧ ಮೀಟರ್. ಅರುವತ್ತು ಎಪ್ಪತ್ತು ವರ್ಷದ ರೇಂಜ್‌ಫೈಂಡರ್ ಒಂದು ಕೂದಲೆಳೆ ಆಚೀಚೆ ಆಗಿದ್ದರೂ ಎರಡನೆಯದು ಕ್ಷಮಿಸುತ್ತದೆ, ಮೊದಲನೆಯದು ಕಣ್ಣು ಬಿಟ್ಟು ಕಿವಿಯನ್ನು ಫೋಕಸ್ ಮಾಡುತ್ತದೆ.

ಝೈಸ್‌ನ 50 ಎಂಎಂ ಎಫ್/1.5 ಸಿ-ಸೊನಾರ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅದರಲ್ಲಿ ಮೂಡುವ ಮುಖಗಳು ಬಹಳ ಸುಂದರ. ಆದರೆ ಅಪರ್ಚರ್ ಮುಚ್ಚುತ್ತಾ ಹೋದಂತೆ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಕಿಟಕಿಯಲ್ಲಿ ಇದು ಕಾಣುವುದೇ ಇಲ್ಲ. ಒಂದೇ ಲೆನ್ಸ್ ಕೊಳ್ಳುವವರಿಗೆ ಇದನ್ನು ನಾನು ಹೇಳುವುದಿಲ್ಲ, ಅದೇ ಝೈಸ್‌ನ ಎಫ್/2 ಪ್ಲಾನಾರ್ ಹೇಳುತ್ತೇನೆ.

ಇನ್ನು ವಿಮರ್ಶೆಗಳು. ಈಗಿನ ಲೆನ್ಸ್ ವಿಮರ್ಶೆಗಳಲ್ಲಿ ಹೆಚ್ಚಿನವು ಡಿಜಿಟಲ್ ಕ್ಯಾಮೆರಾದಲ್ಲಿ ಮಾಡಿದವು. ಝೈಸ್‌ನ 21 ಎಂಎಂ ಎಫ್/4.5 ಸಿ-ಬಯೋಗಾನ್, ಫೋಕ್ಟ್‌ಲೆಂಡರ್‌ನ ಮೊದಲ 15 ಎಂಎಂ ಹೆಲಿಯಾರ್ ಇವುಗಳ ಅಂಚಿನಲ್ಲಿ ನೇರಳೆ ಬಣ್ಣ ಬರುತ್ತೆ ಅಂತ ಬರೆದಿರುತ್ತಾರೆ. ಅದು ನಿಜ. ಬೆಳಕು ತುಂಬಾ ಓರೆಯಾಗಿ ಸೆನ್ಸರ್‌ಗೆ ಬೀಳುವುದರಿಂದ ಆಗುವ ತೊಂದರೆ ಅದು. ಫಿಲಂಗೆ ಆ ತೊಂದರೆ ಇಲ್ಲ, ಅಂಚು ಸ್ವಲ್ಪ ಕಪ್ಪಾಗಬಹುದು ಅಷ್ಟೇ. ಡಿಜಿಟಲ್ ಜನ ಬೇಡ ಅಂತ ಬಿಟ್ಟ ಈ ಲೆನ್ಸ್‌ಗಳು ಫಿಲಂನವರಿಗೆ ನಿಧಿ ಸಿಕ್ಕಿದ ಹಾಗೆ, ಅಲ್ವಾ? ಹೆಲಿಯಾರ್‌ನ ಆ ಮೊದಲ ಆವೃತ್ತಿಗೆ ರೇಂಜ್‌ಫೈಂಡರ್ ಜೋಡಣೆ ಇಲ್ಲ, ದೂರ ಅಂದಾಜು ಮಾಡಬೇಕು. 15 ಎಂಎಂನಲ್ಲಿ ಅದು ಕಷ್ಟವಲ್ಲ.

ಹಾಗಾದರೆ ಆ ಕಾಲದ ಲೆನ್ಸೇ ಯಾಕೆ ಬೇಡ? ಚೆನ್ನಾಗಿ ಉಳಿದದ್ದು ಸಿಕ್ಕರೆ ಖಂಡಿತ ತಗೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಫಂಗಸ್ ಜಾಸ್ತಿ. ಐವತ್ತರ ದಶಕದ ಸಮ್ಮರಿಟ್‌ನಂಥವುಗಳ ಕೋಟಿಂಗ್ ಮೆತ್ತಗಿನದು, ಒರೆಸಿ ಒರೆಸಿ ಗೀರು ಬಿದ್ದಿರುತ್ತದೆ. ಒಳಗೆ ಮಂಜೂ ಕವಿದಿರುತ್ತದೆ. ಹೊಸ ಲೆನ್ಸ್‌ನಲ್ಲಿ ಕಾಂಟ್ರಾಸ್ಟ್ ಹೆಚ್ಚು, ಅದು ಮೋಡದ ದಿನಕ್ಕೆ ವರ. ಸುಡುಬಿಸಿಲಿನಲ್ಲಿ ಕಪ್ಪು-ಬಿಳುಪು ತೆಗೆಯುವವರು ನೆರಳಿಗೆ ಸ್ವಲ್ಪ ಹೆಚ್ಚು ಬೆಳಕು ಕೊಡಬೇಕಾಗುತ್ತದೆ. ಫೋಕ್ಟ್‌ಲೆಂಡರ್‌ನವರು 40 ಎಂಎಂ ಎಫ್/1.4 ನೊಕ್ಟಾನ್‌ನಲ್ಲಿ ಸಿಂಗಲ್ ಕೋಟಿಂಗ್ ಆವೃತ್ತಿಯನ್ನೂ ಮಾಡಿದ್ದು ಇಂಥ ಹಳೆಯ ಮೃದು ರೂಪ ಬೇಕೆನ್ನುವವರಿಗಾಗಿಯೇ. ಎಂ3ಯಲ್ಲಿ ಅದು 50ರ ಗೆರೆಯನ್ನೇ ತೋರಿಸುತ್ತದೆ, ಚಿತ್ರ ಗೆರೆಯಾಚೆಗೂ ಸ್ವಲ್ಪ ಹರಡಿಕೊಳ್ಳುತ್ತದೆ.

ಚೀನಾದ ಟಿಟಿಆರ್ಟಿಸನ್, ಸೆವೆನ್ ಆರ್ಟಿಸನ್ಸ್ ಲೆನ್ಸ್‌ಗಳ ಬೆಲೆ ಕಡಿಮೆ. ಅವುಗಳ ಕೆಲವು ಮಾದರಿಗಳಲ್ಲಿ ಬಾಡಿಗೆ ತಕ್ಕಂತೆ ಫೋಕಸ್ ಜೋಡಣೆಯನ್ನು ನಾವೇ ತಿದ್ದಬಹುದು. ಆದರೆ ಬಾಡಿಯೇ ತಪ್ಪಿದ್ದರೆ ಲೆನ್ಸ್ ತಿದ್ದಬೇಡಿ. ಮುಂದಿನ ಲೆನ್ಸ್‌ಗೆ ಮತ್ತೆ ಅದೇ ತಲೆನೋವು.

ಯಾವುದೇ ಲೆನ್ಸ್ ಬರಲಿ, ಮೊದಲ ರೋಲ್ ಪರೀಕ್ಷೆಗೇ ಇರಲಿ. ದೂರದ ಟವರ್ ಮೇಲೆ ಇನ್ಫಿನಿಟಿಯಲ್ಲಿ ಬಿಂಬ ಕೂಡುತ್ತಾ ನೋಡಿ. ಆಮೇಲೆ ಟೇಬಲ್ ಮೇಲೆ ಅಳತೆ ಟೇಪು ಓರೆಯಾಗಿ ಹಾಸಿ, ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು, 1 ಮೀಟರ್‌ನಿಂದ ಅಪರ್ಚರ್ ಪೂರ್ತಿ ತೆರೆದು ಒಂದೇ ಅಂಕಿಗೆ ಫೋಕಸ್ ಮಾಡಿ ತೆಗೆಯಿರಿ. ಇನ್ನೊಂದು ಲೆನ್ಸ್ ಸಾಲ ಸಿಕ್ಕರೆ ಅದರಲ್ಲೂ ಹಾಗೇ ಮಾಡಿ. ಎರಡೂ ಒಂದೇ ಕಡೆ ತಪ್ಪಿದರೆ ಬಾಡಿಯನ್ನು ರಿಪೇರಿಗೆ ಕೊಡಿ. ಒಂದು ಮಾತ್ರ ತಪ್ಪಿದರೆ ಆ ಲೆನ್ಸನ್ನು ಅಂಗಡಿಗೆ ವಾಪಸ್ ಕೊಡಿ.