ಹಳದಿ ಕಂಡಲ್ಲೆಲ್ಲ ಗಡ್ಡೆ ಇರೋದಿಲ್ಲ

ಎಂಆರ್‌ಐನಲ್ಲಿ ಮಗುವಿನ ಮೆದುಳಿನ ಗಡ್ಡೆ ಎಷ್ಟೋ ಸಲ ಬೆಳ್ಳಗೆ, ಅಂಚು ಸಮೇತ ಕಾಣುತ್ತದೆ. ತಲೆಬುರುಡೆ ತೆರೆದಾಗ ಹಾಗಿರುವುದಿಲ್ಲ. ಅಂಚಿನಲ್ಲಿ ಗಡ್ಡೆ ಯಾವುದು, ಮೆದುಳು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದು ಕಷ್ಟ. ಸುತ್ತಲಿನ ನೀರು ಹರಿದುಹೋದಂತೆ ಮೆದುಳು ಜರುಗುತ್ತದೆ, ಹಳೆಯ ಸ್ಕ್ಯಾನ್ ತಾಳೆಯಾಗುವುದಿಲ್ಲ. ಹೊಳೆಯುವ ಬಣ್ಣದ ಔಷಧಿಗಳು ಬೇಕಾಗುವುದು ಇಲ್ಲೇ.

5-ಎಎಲ್‌ಎ ಎಂಬ ಔಷಧಿಯನ್ನು ಅರಿವಳಿಕೆಗೆ ಸುಮಾರು 3 ಗಂಟೆ ಮುಂಚೆ ಕುಡಿಸುತ್ತಾರೆ. ನೀಲಿ ಬೆಳಕು ಬಿಟ್ಟರೆ ಗಡ್ಡೆಯ ಕೋಶಗಳು ಕೆಂಪಗೆ ಹೊಳೆಯುತ್ತವೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಇದನ್ನು ಬಳಸಿದಾಗ ಸ್ಕ್ಯಾನಿನಲ್ಲಿ ಹೊಳೆಯುವ ಗಡ್ಡೆಯನ್ನು ಪೂರ್ತಿ ತೆಗೆಯಲಾಗಿದ್ದು 65% ರೋಗಿಗಳಲ್ಲಿ, ಮಾಮೂಲಿ ಬೆಳಕಿನಲ್ಲಿ 36%. ಆದರೆ ಅವರೆಲ್ಲ ದೊಡ್ಡವರು, ಗಡ್ಡೆಯ ಜಾತಿಯೂ ಬೇರೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಗಡ್ಡೆಗಳಾದ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ (ನಿಧಾನವಾಗಿ ಬೆಳೆಯುವುದು), ಮೆಡುಲೋಬ್ಲಾಸ್ಟೋಮಾಗಳಲ್ಲಿ (ಬೇಗ ಬೆಳೆಯುವ ಕ್ಯಾನ್ಸರ್) ಈ ಕೆಂಪು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ.

ಇನ್ನೊಂದು ಫ್ಲೋರೆಸೀನ್. ಕಣ್ಣಿನ ಡಾಕ್ಟರು ರೆಟಿನಾ ಪರೀಕ್ಷೆಗೆ ದಶಕಗಳಿಂದ ಬಳಸುತ್ತಿರುವುದೇ ಇದು, ಬೆಲೆಯೂ ಕಡಿಮೆ. ಅರಿವಳಿಕೆ ಹೊತ್ತಿಗೆ ರಕ್ತನಾಳಕ್ಕೆ ಕೊಡುತ್ತೇವೆ. ಎಲ್ಲಿ ರಕ್ತನಾಳ ಸೋರುತ್ತದೋ ಅಲ್ಲಿ ನಿಲ್ಲುತ್ತದೆ. ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿ ನಿಲ್ಲುವುದೂ ಹೆಚ್ಚುಕಮ್ಮಿ ಅಲ್ಲೇ. ಕಿರುಮೆದುಳಿನ ಪೈಲೋಸೈಟಿಕ್ ಗಡ್ಡೆಯಲ್ಲಿ ಸಾಮಾನ್ಯವಾಗಿ ನೀರು ತುಂಬಿದ ಚೀಲ, ಅದರ ಗೋಡೆಗೆ ಅಂಟಿದ ಒಂದು ಗಂಟು ಇರುತ್ತದೆ. ಮೈಕ್ರೋಸ್ಕೋಪಿಗೆ ಫಿಲ್ಟರ್ ಹಾಕಿದ ಕೂಡಲೇ ಆ ಗಂಟು ಹಳದಿಯಾಗಿ ಎದ್ದು ಕಾಣುತ್ತದೆ. ಅದನ್ನು ಪೂರ್ತಿ ತೆಗೆದರೆ ಬಹುತೇಕ ಮಕ್ಕಳಿಗೆ ಕೀಮೋ, ರೇಡಿಯೇಷನ್ ಬೇಕಾಗುವುದೇ ಇಲ್ಲ. ಅದಕ್ಕೇ ನನಗೆ ಈ ಔಷಧಿಯ ಮೇಲೆ ಅಷ್ಟು ಅಕ್ಕರೆ.

ಹಾಗಂತ ಸುಮ್ನೆ ಹಳದಿಯ ಹಿಂದೆ ಹೋಗುವಂತಿಲ್ಲ. ನಮ್ಮ ಉಪಕರಣ ತಗುಲಿ ಪೆಟ್ಟಾದ ಒಳ್ಳೆಯ ಮೆದುಳಿನಲ್ಲೂ ಬಣ್ಣ ಸೋರುತ್ತದೆ. ಊದಿಕೊಂಡ ಜಾಗಕ್ಕೂ ಹರಡುತ್ತದೆ. ಆಪರೇಷನ್ ಮುಂದುವರಿದಷ್ಟೂ ಹಳದಿಯ ಮೇಲಿನ ನಂಬಿಕೆ ಕಡಿಮೆಯಾಗಬೇಕು. ಗಡ್ಡೆ ಮೆದುಳುಕಾಂಡಕ್ಕೆ ಅಂಟಿದ್ದರಂತೂ ಹಳದಿ ಕಂಡದ್ದು ನಿಜವಾಗಿ ಗಡ್ಡೆಯೇ ಆಗಿದ್ದರೂ ಒಂದು ತೆಳು ಪದರ ಬಿಟ್ಟು ಬರುವುದೇ ಸರಿ. ಉಸಿರಾಟ, ನುಂಗುವುದು, ಮುಖದ ಚಲನೆ ಎಲ್ಲ ಅಲ್ಲೇ ಇದೆ. ಮೆಡುಲೋಬ್ಲಾಸ್ಟೋಮಾದಲ್ಲಿ ಉಳಿದ ಸಣ್ಣ ಚೂರಿಗೆ ಮುಂದೆ ಚಿಕಿತ್ಸೆ ಇದೆ. ಆದರೆ ಈ ಭಾಗದ ಆಪರೇಷನ್ ಆದ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತೇ ಆಡದ ಮಕ್ಕಳಿದ್ದಾರೆ. ಅವರ ಅಮ್ಮಂದಿರಿಗೆ ಹೊಳಪಿನ ಲೆಕ್ಕ ಹೇಳಲು ನನ್ನಿಂದಾಗದು.

ಆಪರೇಷನ್‌ಗೆ ಮುಂಚೆ ಮಗುವಿಗೆ ಯಾವ ಅಲರ್ಜಿ ಇದ್ದರೂ ಹೇಳಿಬಿಡಿ. ಫ್ಲೋರೆಸೀನ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ. ಮರುದಿನ ಮೈ, ಮೂತ್ರ ಹಳದಿಯಾಗಿ ಕಂಡರೆ ಕಾಮಾಲೆ ಎಂದು ಗಾಬರಿಯಾಗಬೇಡಿ, ಬಣ್ಣ ಹೊರಹೋಗುತ್ತಿದೆ ಅಷ್ಟೇ. 5-ಎಎಲ್‌ಎ ಕೊಟ್ಟಿದ್ದರೆ ಕನಿಷ್ಠ ಒಂದು ದಿನ ಬಿಸಿಲು, ಜೋರು ಲೈಟು ಬೇಡ. ಕಿಟಕಿಯ ಪರದೆ ಎಳೆದಿರಿ.