ಕಂಬ ಬಿಡಿ, ಮೆಟ್ಟಿಲು ನೋಡಿ

ಪ್ರಶ್ನೆ: ಗ್ರೀಕ್ ಗುಡಿಗೂ ರೋಮನ್ ಗುಡಿಗೂ ಫೋಟೋದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಅದೇ ಕಂಬದ ಸಾಲು, ಮೇಲೆ ಅದೇ ತ್ರಿಕೋನ. ಗುರುತಿಸುವುದು ಹೇಗೆ?

ಎಲ್ಲರೂ ಮೊದಲು ಕಂಬ ನೋಡುತ್ತಾರೆ, ಅಲ್ಲೇ ಎಡವುತ್ತಾರೆ. ಡೋರಿಕ್, ಅಯಾನಿಕ್, ಕೊರಿಂಥಿಯನ್ ಮೂರೂ ಗ್ರೀಕರ ಕಂಬಗಳೇ. ರೋಮನ್ನರು ಮೂರನ್ನೂ ಎತ್ತಿಕೊಂಡರು. ಎಲೆಗಳ ಕೆತ್ತನೆ ಇರುವ ಕೊರಿಂಥಿಯನ್ ಮೇಲೆ ಅವರಿಗೆ ಜಾಸ್ತಿ ಮೋಹ, ಅಷ್ಟೇ. ಹಾಗಾಗಿ ಕಂಬ ಬಿಡಿ, ಮೆಟ್ಟಿಲು ಎಲ್ಲಿವೆ ನೋಡಿ.

ಅಥೆನ್ಸಿನ ಪಾರ್ಥೆನಾನ್ ಕಟ್ಟಲು ಶುರುಮಾಡಿದ್ದು ಕ್ರಿ.ಪೂ. 447ರಲ್ಲಿ. ಅದರ ಬುಡದಲ್ಲಿ ನಾಲ್ಕೂ ಕಡೆ ಮೂರು ಹಂತಗಳಿವೆ. ಒಂದೊಂದು ಹಂತವೂ ಸುಮಾರು ಅರ್ಧ ಮೀಟರ್ ಎತ್ತರ, ಸುಲಭವಾಗಿ ಹತ್ತಲು ಆಗುವುದಿಲ್ಲ. ಅವು ನಮ್ಮ ಕಾಲಿಗಲ್ಲ, ಗುಡಿಯ ನಿಲುವಿಗೆ ಮಾಡಿದವು. ಸುತ್ತಲೂ ಕಂಬ: ಅಗಲಕ್ಕೆ 8, ಉದ್ದಕ್ಕೆ 17. ಹಿಂದೆ ನಿಂತರೂ ಮುಂದೆ ನಿಂತಂತೆಯೇ. ಇದರಿಂದ ಒಂದು ತಮಾಷೆಯೂ ಆಗುತ್ತದೆ. ಗುಡಿ ಇರುವ ಅಕ್ರೊಪೊಲಿಸ್ ಗುಡ್ಡದ ಹೆಬ್ಬಾಗಿಲು ದಾಟಿದವರಿಗೆ ಎದುರಾಗುವುದು ಗುಡಿಯ ಬೆನ್ನು! ಅಥೀನಾ ದೇವಿಯ ವಿಗ್ರಹವಿದ್ದ ಕೋಣೆಯ ಬಾಗಿಲು ಆಚೆ, ಪೂರ್ವಕ್ಕೆ.

ಫ್ರಾನ್ಸಿನ ನೀಮ್ ಊರಿನ ಮೇಸೊಂ ಕಾರೇ ಬಳಿ ಈ ಗೊಂದಲವೇ ಇಲ್ಲ. ಸುಮಾರು 2000 ವರ್ಷ ಹಳೆಯ ರೋಮನ್ ಗುಡಿ ಅದು. ಆಳೆತ್ತರಕ್ಕೂ ಮೀರಿದ ಕಟ್ಟೆಯ ಮೇಲೆ ನಿಂತಿದೆ. ಮೆಟ್ಟಿಲು 15, ಅದೂ ಮುಂದೆ ಮಾತ್ರ. ಹತ್ತಿದರೆ ಕಂಬಗಳ ದೊಡ್ಡ ಮೊಗಸಾಲೆ, ಆಮೇಲೆ ಬಾಗಿಲು. ಪಕ್ಕದಿಂದ ಹೋದರೆ ಕಟ್ಟೆಯ ಗೋಡೆಗೆ ಮುಖ ತಾಗುತ್ತದೆ. ಸುತ್ತಲೂ ಕಂಬವೇನೋ ಇವೆ, ಆದರೆ 30ರಲ್ಲಿ 20 ಗೋಡೆಗೆ ಅಂಟಿದ ಅರೆಗಂಬಗಳು. ಸುಮ್ನೆ ಗ್ರೀಕ್ ಗುಡಿಯಂತೆ ಕಾಣಲಿ ಎಂದು!

ಎತ್ತರದ ಕಟ್ಟೆ, ಒಂದೇ ಕಡೆ ಮುಖ, ಇವು ರೋಮನ್ನರಿಗೆ ನೆರೆಯ ಎಟ್ರಸ್ಕನ್ನರಿಂದ ಬಂದವು. ಊರಿನ ಚೌಕಕ್ಕೆ ಮುಖ ಮಾಡಿದ ಗುಡಿಗೆ ಇದು ಚೆನ್ನಾಗಿ ಒಗ್ಗಿತು. ರೋಮಿನ ಕ್ಯಾಸ್ಟರ್ ದೇವರ ಗುಡಿಯ ಕಟ್ಟೆಯ ಮೇಲೆ ನಿಂತು ರಾಜಕಾರಣಿಗಳು ಭಾಷಣ ಮಾಡುತ್ತಿದ್ದರು. ಕೆಳಗೆ ಜನ, ಹಿಂದೆ ದೇವರು. ಇದಕ್ಕಿಂತ ಒಳ್ಳೆಯ ವೇದಿಕೆ ಬೇಕಾ?

ಪೂಜೆಯ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಬಲಿಪೀಠ ಹೊರಗೆ, ಜನವೂ ಹೊರಗೆ. ಒಳಗಿನದು ದೇವರ ಮನೆ.

ಗುಡಿಯ ಒಳಗನ್ನು ಬೆರಗಾಗುವಂತೆ ಕಟ್ಟಿದ್ದು ರೋಮಿನ ಪ್ಯಾಂಥಿಯನ್. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿಯಿತು. 43.3 ಮೀಟರ್ ಅಗಲದ ಗುಮ್ಮಟ, ಒಳಗೆ ಕಬ್ಬಿಣದ ಒಂದು ಸರಳೂ ಇಲ್ಲ! ಜ್ವಾಲಾಮುಖಿಯ ಬೂದಿ, ಸುಣ್ಣ ಕಲಸಿದ ಕಾಂಕ್ರೀಟು. ಕೆಳಗೆ ಭಾರದ ಕಲ್ಲು, ಮೇಲೇರಿದಂತೆ ಹಗುರ ಕಲ್ಲು ಬೆರೆಸಿದ್ದಾರೆ. ಕಲ್ಲಿನ ತೊಲೆ ಅಡ್ಡ ಇಟ್ಟು ಕಟ್ಟುತ್ತಿದ್ದ ಗ್ರೀಕರಿಗೆ ಇಷ್ಟು ಅಗಲದ ಜಾಗವನ್ನು ಕಂಬವಿಲ್ಲದೆ ಮುಚ್ಚಲು ಆಗುತ್ತಿರಲಿಲ್ಲ. ನೆತ್ತಿಯ ಕಿಂಡಿಯಿಂದ ಮಳೆ ನೇರ ಒಳಗೆ ಬೀಳುತ್ತದೆ. ನೀರು ಹೋಗಲು ನೆಲದಲ್ಲಿ ತೂತುಗಳಿವೆ.

ಆದರೆ ಪ್ಯಾಂಥಿಯನ್ ಫೋಟೋ ಹಿಡಿದು ನನ್ನ ಸೂತ್ರ ಪರೀಕ್ಷಿಸಬೇಡಿ. ಮುಂದೆ ಮೆಟ್ಟಿಲುಗಳಿದ್ದವು, ನಿಜ. ಶತಮಾನಗಳಲ್ಲಿ ಸುತ್ತಲಿನ ನೆಲವೇ ಮೇಲೆದ್ದು ಅವನ್ನು ನುಂಗಿಬಿಟ್ಟಿದೆ.