ಫ್ಯಾಮಿಕಾಮ್ ಮಾಡಿದ್ದು ಯಾರು?

ಮಾರಿಯೋ ಗೇಮ್ ಯಾರದು ಅಂತ ಕೇಳಿದರೆ ತುಂಬಾ ಜನ ಶಿಗೆರು ಮಿಯಾಮೊಟೊ ಹೆಸರು ಹೇಳುತ್ತಾರೆ. ಆ ಗೇಮ್ ಓಡಿದ ಯಂತ್ರ, ಅಂದರೆ ಜಪಾನಿನ ನಿಂಟೆಂಡೋ ಕಂಪನಿ ಮನೆಯ ಟಿವಿಗೆ ಜೋಡಿಸಿ ಆಡಲೆಂದು ತಂದ ಫ್ಯಾಮಿಕಾಮ್, ಯಾರದು ಅಂತ ಕೇಳಿದರೆ ಮಾತ್ರ ಉತ್ತರ ಕಲಸಿಹೋಗುತ್ತದೆ. ಕೆಲವರು ಮತ್ತೆ ಮಿಯಾಮೊಟೊ ಅನ್ನುತ್ತಾರೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದ ಕಥೆ ಓದಿದವರು ನಿಂಟೆಂಡೋ ಎಂಜಿನಿಯರ್ ಗುನ್‌ಪೇ ಯೊಕೊಯಿ ಅನ್ನುತ್ತಾರೆ. ವ್ಯಾಪಾರದ ಇತಿಹಾಸ ಬಲ್ಲವರು ನಿಂಟೆಂಡೋ ಅಧ್ಯಕ್ಷರಾಗಿದ್ದ ಹಿರೋಶಿ ಯಮೌಚಿ ಕಡೆ ಬೆರಳು ತೋರಿಸುತ್ತಾರೆ. ಮೂವರಿಗೂ ಅದರಲ್ಲಿ ಪಾಲಿದೆ, ನಿಜ. ಆದರೆ ಯಂತ್ರವನ್ನು ಕಟ್ಟಿದ ತಂಡದ ಮುಖ್ಯಸ್ಥರು ಇವರ್‍ಯಾರೂ ಅಲ್ಲ. ಅವರ ಹೆಸರು ಮಸಾಯುಕಿ ಉಯೆಮುರಾ. 2021ರ ಡಿಸೆಂಬರ್ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಯಂತ್ರದಲ್ಲಿ ಆಡಿ ಬೆಳೆದ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದ್ದು ಸಾವಿನ ಸುದ್ದಿಯಲ್ಲೇ.

ನಮ್ಮಲ್ಲಿ ಈ ಗೋಜಲು ಇನ್ನೂ ಜಾಸ್ತಿ. ತೊಂಬತ್ತರ ದಶಕದಲ್ಲಿ ಇಲ್ಲಿನ ಮನೆಗಳಿಗೆ ಬಂದ ಬಹುಪಾಲು 'ಟಿವಿ ಗೇಮ್' ಪೆಟ್ಟಿಗೆಗಳ ಮೇಲೆ ನಿಂಟೆಂಡೋ ಹೆಸರೇ ಇರುತ್ತಿರಲಿಲ್ಲ. ಹಾಗಾಗಿ ಕಥೆಯನ್ನು ಮೊದಲಿನಿಂದಲೇ ಹೇಳಬೇಕು.

ಉಯೆಮುರಾ ಹುಟ್ಟಿದ್ದು 1943ರಲ್ಲಿ, ಟೋಕಿಯೋದಲ್ಲಿ. ಬಾಂಬ್ ದಾಳಿಗೆ ಹೆದರಿ ಕುಟುಂಬ ಕ್ಯೋಟೋಗೆ ಹೋಯಿತು. ದುಡ್ಡಿಲ್ಲದ ಬಾಲ್ಯ. ಆಟಿಕೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಎಲೆಕ್ಟ್ರಾನಿಕ್ಸ್ ಓದಿ, ಇಂದು ಶಾರ್ಪ್ ಎಂದು ಹೆಸರಾದ ಹಯಾಕಾವಾ ಎಲೆಕ್ಟ್ರಿಕ್ ಕಂಪನಿ ಸೇರಿದರು. ಅಲ್ಲಿ ಅವರ ಕೆಲಸ, ಬೆಳಕು ಬಿದ್ದರೆ ವಿದ್ಯುತ್ ಕೊಡುವ ಸೌರಕೋಶಗಳನ್ನು ಬೇರೆ ಬೇರೆ ಕಂಪನಿಗಳಿಗೆ ಮಾರುವುದು. ಹಾಗೆ ಮಾರುತ್ತಾ ನಿಂಟೆಂಡೋ ಬಾಗಿಲಿಗೂ ಬಂದರು.

1889ರಲ್ಲಿ ಇಸ್ಪೀಟಿನಂಥ ಹನಾಫುದ ಎಲೆಗಳನ್ನು ಮಾಡಲು ಶುರುವಾದ ಆ ಕಂಪನಿ ಆಗ ಆಟಿಕೆಗಳತ್ತ ಹೊರಳಿತ್ತು. ಉಯೆಮುರಾ ತಂದ ಕೋಶವನ್ನು ನೋಡಿದ ಯೊಕೊಯಿ, ಗುರಿಯ ಮೇಲೆ ಬೆಳಕು ಬಿದ್ದರೆ ಬೀಳುವ ಬೊಂಬೆಗಳನ್ನೂ ಅದಕ್ಕೊಂದು ಬೆಳಕಿನ ಬಂದೂಕನ್ನೂ ಮಾಡಿದರು. ಅದು ಚೆನ್ನಾಗಿ ಮಾರಾಟವಾಯಿತು. ಕೋಶ ಮಾರಲು ಬಂದವರನ್ನೇ ನಿಂಟೆಂಡೋ ಕೆಲಸಕ್ಕೆ ಸೇರಿಸಿಕೊಂಡಿತು. ಆಮೇಲೆ ಬಾಗಿಲು ಹಾಕಿದ ಬೌಲಿಂಗ್ ಕೇಂದ್ರಗಳಲ್ಲಿ ಬೆಳಕಿನ ಬಂದೂಕಿನ ದೊಡ್ಡ ಆಟ ಹಾಕುವ ಸಾಹಸ ನಡೆಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಅದು ಮುಗ್ಗರಿಸಿ ಕಂಪನಿ ಸಾಲದಲ್ಲಿ ಮುಳುಗಿತು. 1977ರಲ್ಲಿ ಮಿತ್ಸುಬಿಷಿ ಜೊತೆ ಸೇರಿ ಟಿವಿಗೆ ಜೋಡಿಸುವ ಯಂತ್ರಗಳನ್ನು ತಂದರು. ಒಂದರಲ್ಲಿ ಆರು ಆಟ, ಇನ್ನೊಂದರಲ್ಲಿ ಹದಿನೈದು. ಆಟಗಳೆಲ್ಲ ಯಂತ್ರದೊಳಗೇ ಇರುತ್ತಿದ್ದವು. ಬೇಜಾರಾದರೆ ಹೊಸ ಯಂತ್ರವನ್ನೇ ಕೊಳ್ಳಬೇಕಿತ್ತು.

ಮುಖ್ಯವಾದ ತಿರುವು ಬಂದಿದ್ದು 1981ರ ಕೊನೆಯಲ್ಲಿ. ಒಂದು ರಾತ್ರಿ ಯಮೌಚಿ ಉಯೆಮುರಾ ಮನೆಗೆ ಫೋನ್ ಮಾಡಿದರು. ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಗೇಮ್‌ಗಳನ್ನು ಮನೆಯ ಟಿವಿಯಲ್ಲಿ ಆಡುವಂಥ ಯಂತ್ರ ಬೇಕು, ಕ್ಯಾಸೆಟ್ ಬದಲಿಸಿ ಆಡುವಂತಿರಬೇಕು, ಅಗ್ಗವಾಗಿರಬೇಕು, ಬೇರೆಯವರು ಬೇಗ ನಕಲು ಮಾಡುವಂತಿರಬಾರದು ಎಂದರು. ಆ ವರ್ಷವೇ ನಿಂಟೆಂಡೋದ ಡಾಂಕಿ ಕಾಂಗ್ ಗೇಮ್ ಅಂಗಡಿಗಳಲ್ಲಿ ಗೆದ್ದಿತ್ತು. ಅದನ್ನು ಮನೆಗೆ ತರಬೇಕು ಅನ್ನುವುದೇ ಗುರಿ.

ತಂಡ ಮೊದಲು ಮಾಡಿದ್ದು ಬೇರೆ ಕಂಪನಿಗಳ ಯಂತ್ರಗಳನ್ನು ಬಿಚ್ಚುವ ಕೆಲಸ. ಚಿಪ್ ಮೇಲಿನ ಹೊದಿಕೆ ತೆಗೆಸಿ, ಒಳಗಿನ ಸರ್ಕ್ಯೂಟ್ ಫೋಟೋ ತೆಗೆದು ನೋಡಿದರು. ಅಲ್ಲಿ ತಮಗೆ ಬೇಕಾದ್ದು ಸಿಗಲಿಲ್ಲ. ಚಿಪ್ ಮಾಡಿಕೊಡುವವರು ಸಿಗುವುದೂ ಕಷ್ಟವಾಯಿತು. ಕೊನೆಗೆ ಒಪ್ಪಿಕೊಂಡದ್ದು ರಿಕೋ ಎಂಬ ಜಪಾನಿ ಕಂಪನಿ. ಅವರ ಹೊಸ ಚಿಪ್ ಕಾರ್ಖಾನೆಗೆ ಸಾಕಷ್ಟು ಕೆಲಸ ಇರಲಿಲ್ಲ. ಹಿಂದೆ ಮಿತ್ಸುಬಿಷಿಯಲ್ಲಿ ನಿಂಟೆಂಡೋ ಜೊತೆ ದುಡಿದಿದ್ದವರೂ ಅಲ್ಲಿದ್ದರು. ಬೆಲೆ ಇಳಿಸಲು ಯಮೌಚಿ 30 ಲಕ್ಷ ಚಿಪ್ ಕೊಳ್ಳುವ ಮಾತು ಕೊಟ್ಟರು. ಒಂದೂ ಮಾರಾಟವಾಗದ ಯಂತ್ರಕ್ಕೆ ಅದು ಎದೆ ನಡುಗಿಸುವ ಸಂಖ್ಯೆ, ಅಲ್ವಾ?

ಪ್ರೊಸೆಸರ್ ಆಗಿ ಆರಿಸಿದ್ದು 6502 ಎಂಬ ಅಮೆರಿಕದ ವಿನ್ಯಾಸ. ಜಪಾನಿನ ಎಂಜಿನಿಯರುಗಳಿಗೆ ಆಗ ರೂಢಿಯಲ್ಲಿದ್ದದ್ದು ಝಡ್80 ಎಂಬ ಇನ್ನೊಂದು ಪ್ರೊಸೆಸರ್. ಅದಕ್ಕೆ ಹೋಲಿಸಿದರೆ 6502 ತುಂಬಾ ಚಿಕ್ಕದು. ಹಾಗಾಗಿ ಒಂದೇ ಚಿಪ್‌ನಲ್ಲಿ ಶಬ್ದದ ಭಾಗವನ್ನೂ ಸೇರಿಸಲು ಜಾಗ ಸಿಕ್ಕಿತು. ಜಪಾನಿನಲ್ಲಿ ಇದನ್ನು ಬಲ್ಲವರು ಕಡಿಮೆ ಇದ್ದದ್ದೂ ಒಂದು ಅನುಕೂಲವೇ ಆಯಿತು. ನಕಲು ಮಾಡುವವರಿಗೆ ಅಷ್ಟು ತಡ.

ನನ್ನ ಪ್ರಕಾರ ಈ ಯಂತ್ರದ ನಿಜವಾದ ಜಾಣ್ಮೆ ಇರುವುದು ಚಿತ್ರ ಬಿಡಿಸುವ ಇನ್ನೊಂದು ಚಿಪ್‌ನಲ್ಲಿ. ಆಗ ಮೆಮೊರಿ ದುಬಾರಿ. 256 ಅಗಲ, 240 ಎತ್ತರದ ತೆರೆಯ ಪ್ರತಿ ಚುಕ್ಕಿಯನ್ನೂ ನೆನಪಿಟ್ಟುಕೊಳ್ಳಲು, ನಾಲ್ಕೇ ಬಣ್ಣ ಅಂದುಕೊಂಡರೂ, 15 ಕೆಬಿ ಬೇಕು. ಇವರಿಗೆ ಸಿಕ್ಕಿದ್ದು ಚಿತ್ರಕ್ಕೆ 2 ಕೆಬಿ, ಲೆಕ್ಕಾಚಾರಕ್ಕೆ 2 ಕೆಬಿ. ಅದಕ್ಕೆ ತೆರೆಯನ್ನು ಎಂಟು ಚುಕ್ಕಿಗೆ ಎಂಟು ಚುಕ್ಕಿಯ ಸಣ್ಣ ಚೌಕಗಳಾಗಿ ಒಡೆದರು. ನೆಲಕ್ಕೆ ಟೈಲ್ಸ್ ಹಾಕುವ ಹಾಗೆ, ಯಾವ ಜಾಗದಲ್ಲಿ ಯಾವ ಚೌಕ ಅನ್ನುವ ಪಟ್ಟಿ ಮಾತ್ರ ಮೆಮೊರಿಯಲ್ಲಿ. ಓಡಾಡುವ ಗೊಂಬೆಗಳಿಗೆ ಬೇರೆ ವ್ಯವಸ್ಥೆ. ಒಟ್ಟು 64 ತುಣುಕು, ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಇಲ್ಲ. ಒಂದೇ ಸಾಲಿನಲ್ಲಿ ಶತ್ರುಗಳು ಗುಂಪುಗೂಡಿದಾಗ ಗೊಂಬೆಗಳು ಮಿನುಗುತ್ತಿದ್ದವಲ್ಲ, ಅದಕ್ಕೆ ಕಾರಣ ಇದೇ. ಟಿವಿ ಕೆಟ್ಟಿದೆ ಅಂತ ಬೈಸಿಕೊಂಡ ಎಷ್ಟೋ ಟಿವಿಗಳ ತಪ್ಪೇನೂ ಇರಲಿಲ್ಲ.

ಇನ್ನೊಂದು ತೀರ್ಮಾನ ಮುಂದಿನ ಹತ್ತು ವರ್ಷಕ್ಕೆ ದಾರಿ ಮಾಡಿತು. ಚಿತ್ರದ ಚೌಕಗಳನ್ನು ಯಂತ್ರದಲ್ಲಿ ಇಡದೆ ಕ್ಯಾಸೆಟ್‌ನಲ್ಲೇ ಇಟ್ಟು, ಚಿತ್ರದ ಚಿಪ್‌ಗೆ ನೇರ ತಂತಿ ಕೊಟ್ಟರು. ಕ್ಯಾಸೆಟ್‌ಗೆ 60 ಪಿನ್ ಬಂದದ್ದು ಅದಕ್ಕೇ. ಇದರಿಂದ ಕ್ಯಾಸೆಟ್ ಒಳಗೆ ಹೊಸ ಚಿಪ್ ಹಾಕಿ ಯಂತ್ರದ ಶಕ್ತಿಯನ್ನೇ ಹೆಚ್ಚಿಸಬಹುದಾಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಬರೀ 40 ಕೆಬಿ. 1988ರಲ್ಲಿ ಬಂದ ಅದರ ಮೂರನೇ ಭಾಗ ನೋಡಿದರೆ ಅದೇ ಯಂತ್ರ ಅಂತ ನಂಬುವುದು ಕಷ್ಟ.

ಜಾಯ್‌ಸ್ಟಿಕ್ ಬೇಡ ಅಂದದ್ದು ಮಕ್ಕಳನ್ನು ನೆನೆದು. ನೆಲದ ಮೇಲೆ ಬಿದ್ದಿದ್ದನ್ನು ತುಳಿದರೆ ಮುರಿಯುತ್ತದೆ. ಯೊಕೊಯಿ ತಂಡ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಆಂಡ್ ವಾಚ್‌ಗೆ ಮಾಡಿದ್ದ ಕೂಡುಗುರುತಿನ ಬಟನ್ ಅನ್ನು ಇಲ್ಲಿಗೆ ತಂದರು. ಕ್ಯಾಸೆಟ್ ಎತ್ತುವ ಸನ್ನೆ ತಾಂತ್ರಿಕವಾಗಿ ಬೇಕಾಗೇ ಇರಲಿಲ್ಲ. ಮಕ್ಕಳಿಗೆ ಖುಷಿಯಾಗಲಿ ಅಂತ ಇಟ್ಟರು.

1983ರ ಜುಲೈ 15ರಂದು ಫ್ಯಾಮಿಕಾಮ್ ಬಿಡುಗಡೆಯಾಯಿತು. ಬೆಲೆ 14,800 ಯೆನ್. ಅದೇ ದಿನ ಇನ್ನೊಂದು ಗೇಮ್ ಕಂಪನಿ ಸೇಗಾ ಕೂಡ ಮನೆಯಲ್ಲಿ ಆಡುವ ತನ್ನ ಮೊದಲ ಯಂತ್ರ ತಂದಿತು. ಫ್ಯಾಮಿಕಾಮ್ ಆರಂಭ ಸುಗಮವಾಗಿರಲಿಲ್ಲ. ಚೌಕಾಕಾರದ ರಬ್ಬರ್ ಬಟನ್‌ಗಳು ಸಿಕ್ಕಿಕೊಳ್ಳುತ್ತಿದ್ದವು. ಚಿಪ್‌ನಲ್ಲಿ ದೋಷವಿದ್ದ ಯಂತ್ರಗಳು ಆಟದ ನಡುವೆ ನಿಂತುಬಿಡುತ್ತಿದ್ದವು. ಯಂತ್ರಗಳನ್ನು ವಾಪಸ್ ತರಿಸಿ ಬೋರ್ಡ್ ಬದಲಿಸಿ ಕೊಟ್ಟರು. ಅದಾದ ಮೇಲೇ ಮಾರಾಟ ಗಟ್ಟಿಯಾಗಿ ಏರಿದ್ದು.

ಅಮೆರಿಕದ ಕಥೆ ಬೇರೆ. 1983ರಲ್ಲಿ ಅಲ್ಲಿ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದಿತ್ತು. ಅಂಗಡಿಯವರಿಗೆ ಆ ಹೆಸರೇ ಬೇಡವಾಗಿತ್ತು. ಹಾಗಾಗಿ 1985ರಲ್ಲಿ ಅಲ್ಲಿಗೆ ಹೋದ ಯಂತ್ರಕ್ಕೆ ವಿಸಿಆರ್ ರೂಪ ಕೊಟ್ಟರು. ಕ್ಯಾಸೆಟ್ ಮುಂದಿನಿಂದ ಹಾಕಿ ಕೆಳಗೆ ಒತ್ತಬೇಕು. ಈ ಜೋಡಣೆಯ ಪಿನ್‌ಗಳು ದಿನ ಕಳೆದಂತೆ ಸಡಿಲವಾಗುತ್ತಿದ್ದವು. ಅದರ ಜೊತೆ ಅಧಿಕೃತವಲ್ಲದ ಕ್ಯಾಸೆಟ್ ತಡೆಯಲು ಹಾಕಿದ ಚಿಪ್‌ಗೆ ಸಂಪರ್ಕ ತಪ್ಪಿದರೆ ತೆರೆ ಮಿಟುಕುತ್ತಲೇ ಇರುತ್ತಿತ್ತು. ಇದು ಒಬ್ಬರ ತಪ್ಪು ಅನ್ನಲಾಗದು. ಅಂಗಡಿಯವರ ಭಯ, ಮಾರಾಟದವರ ಲೆಕ್ಕ, ಎಂಜಿನಿಯರುಗಳ ಹೊಂದಾಣಿಕೆ ಎಲ್ಲವೂ ಸೇರಿ ಹಾಗಾಯಿತು. ಕ್ಯಾಸೆಟ್‌ಗೆ ಬಾಯಿಂದ ಊದುವ ಅಭ್ಯಾಸ ಜಗತ್ತಿನ ಎಲ್ಲೆಡೆ ಇತ್ತು. ಊದಿದ್ದರಿಂದ ಏನೂ ಉಪಯೋಗ ಆಗುತ್ತಿರಲಿಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ ಸರಿಯಾಗಿ ಕೂರುತ್ತಿತ್ತು, ಅಷ್ಟೇ. ಉಸಿರಿನ ತೇವ ಲೋಹಕ್ಕೆ ಕೆಡುಕು.

ಭಾರತಕ್ಕೆ ಬಂದದ್ದು ಬಹುಪಾಲು ಮೂರನೇ ರೂಪ. ತೈವಾನಿನ ಯುಎಂಸಿ ಕಂಪನಿ ಪ್ರೊಸೆಸರ್ ಮತ್ತು ಚಿತ್ರದ ಎರಡೂ ಚಿಪ್‌ಗಳ ತದ್ರೂಪು ಮಾಡಿತು. ಆಮೇಲೆ ಇಡೀ ಯಂತ್ರವೇ ಕಪ್ಪು ಅಂಟಿನ ಒಂದು ಬೊಟ್ಟಿನೊಳಗೆ ಸೇರಿತು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ತೆರೆ ಬಿಡಿಸಿದರೆ ನಮ್ಮದು 50 ಸಲ. ಆ ವ್ಯತ್ಯಾಸಕ್ಕೆ ಹೊಂದುವ ಚಿಪ್‌ಗಳೂ ಬಂದವು. ಬೇರೆ ಬೇರೆ ಹೆಸರಿನ ಡಬ್ಬಗಳು, ಹಳದಿ ಕ್ಯಾಸೆಟ್‌ಗಳು, ಬಾತುಕೋಳಿ ಹೊಡೆಯುವ ಬಂದೂಕು. ಆ ಬಂದೂಕಿನಿಂದ ಏನೂ ಹಾರುತ್ತಿರಲಿಲ್ಲ. ಕುದುರೆ ಒತ್ತಿದ ಕ್ಷಣ ತೆರೆ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಮಾತ್ರ ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನೊಳಗಿನ ಸಂವೇದಕ ಆ ಬೆಳಕನ್ನು ಹುಡುಕುತ್ತಿತ್ತು. ಸೌರಕೋಶ ಮಾರಲು ಹೋದ ಯುವಕನ ದಿನಗಳಿಂದ ಬಂದ ಎಳೆ ಅದು. ಇಂಥ ನಕಲಿ ಯಂತ್ರಗಳ ಬಗ್ಗೆ ಕಾನೂನಿನ ಪ್ರಶ್ನೆ ಇದ್ದೇ ಇದೆ. ಆದರೂ ಇಲ್ಲಿನ ಒಂದು ತಲೆಮಾರಿಗೆ ಉಯೆಮುರಾ ವಿನ್ಯಾಸ ತಲುಪಿದ್ದು ಅವುಗಳಿಂದಲೇ. ಅದನ್ನು ಕೀಳಾಗಿ ಕಾಣಲು ನನಗೆ ಮನಸ್ಸಿಲ್ಲ.

ಆ ಕಡೆ ಅಧಿಕೃತ ಯಂತ್ರ ಒಟ್ಟು 6 ಕೋಟಿ 19 ಲಕ್ಷ ಮಾರಾಟವಾಯಿತು. ಉಯೆಮುರಾ 1990ರಲ್ಲಿ ಸೂಪರ್ ಫ್ಯಾಮಿಕಾಮ್ ತಂದರು. ಅದೂ 4 ಕೋಟಿ 91 ಲಕ್ಷ ಮುಟ್ಟಿತು. ಹಳೆಯ ಫ್ಯಾಮಿಕಾಮ್ ತಯಾರಿಕೆ ನಿಂತದ್ದು 2003ರಲ್ಲಿ. ಮರುವರ್ಷ ಅವರು ನಿವೃತ್ತರಾದರು.

ಹೆಸರು ಹಿಂದೆ ಉಳಿದದ್ದು ಯಾಕೆ? ಗೇಮ್‌ಗೆ ಮುಖ ಇರುತ್ತದೆ, ಟೋಪಿ ಮೀಸೆ ಇರುತ್ತದೆ. ಚಿಪ್‌ಗೆ ಸಂಖ್ಯೆ ಮಾತ್ರ. ಆ ಕಾಲದ ಜಪಾನಿ ಕಂಪನಿಗಳಲ್ಲಿ ಕೆಲಸ ತಂಡದ್ದು, ಹೆಸರು ಕಂಪನಿಯದು ಅನ್ನುವ ರೂಢಿಯೂ ಇತ್ತು. ಉಯೆಮುರಾ ತಾವೂ ಮುಂದೆ ಬಂದು ನಿಂತವರಲ್ಲ. ಇಷ್ಟೆಲ್ಲ ಇದ್ದರೂ, 2 ಕೆಬಿಯಲ್ಲಿ ಒಂದು ಲೋಕ ಹಿಡಿಸಿದವರ ಹೆಸರು ಗೇಮ್ ಬರೆದವರ ಹೆಸರಿನ ಪಕ್ಕದಲ್ಲೇ ಇರಬೇಕಿತ್ತು ಅಂತ ಅನಿಸುತ್ತದೆ.

ನಿವೃತ್ತಿಯ ನಂತರ ಅವರು ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅಲ್ಲಿನ ಗೇಮ್ ಅಧ್ಯಯನ ಕೇಂದ್ರ ನಡೆಸಿದರು. ಹಳೆಯ ಯಂತ್ರ, ಕ್ಯಾಸೆಟ್‌ಗಳನ್ನು ಕೂಡಿಡುವ ಕೆಲಸಕ್ಕೆ ಒತ್ತು ಕೊಟ್ಟರು. ಬಂದು ಕೇಳಿದವರಿಗೆ 1982ರ ಆ ತೀರ್ಮಾನಗಳನ್ನು ಬಿಡಿಸಿ ಹೇಳಿದರು. ಈ ಯಂತ್ರದ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಆ ಮಾತುಕತೆಗಳಿಂದಲೇ ಬಂದದ್ದು.